ತ್ರಿವೇಣಿಯ ಕಂಪ್ಯೂಟರಿಗೆ ಎರಡು ಒಲೆ

ಹಿಂದೂಪುರದಲ್ಲಿ ಮಗ್ಗದ ಸದ್ದು ಕೇಳುವ ಯಾವ ಬೀದಿಯಲ್ಲಾದರೂ ನಿಂತು ಗ್ರಾಫ್ ತ್ರಿವೇಣಮ್ಮನ ಮನೆ ಯಾವುದೆಂದು ಕೇಳಿ ನೋಡಿ. ಕೇಳಿದವರ ಮುಖವನ್ನೊಮ್ಮೆ ದಿಟ್ಟಿಸಿ, "ಡಿಜೈನಿಗಾ, ಜಗಳಕ್ಕಾ?" ಅನ್ನುವವರಿದ್ದಾರೆ. ಎರಡಕ್ಕೂ ಜನ ಅವಳ ಬಾಗಿಲಿಗೆ ಹೋಗುತ್ತಾರೆ. ಎರಡರಲ್ಲೂ ಅವಳದು ಪಳಗಿದ ಕೈ.

ತ್ರಿವೇಣಿ ಹುಟ್ಟಿದ್ದು ಸೆಟ್ಟೂರಿನ ಕಡೆಯ ಒಂದು ಹಳ್ಳಿಯಲ್ಲಿ. ಅಪ್ಪ ಗಂಗುಲಪ್ಪನದು ಕಡಲೆಕಾಯಿ ಬೆಳೆಯುವ ಹೊಲ. ಅವಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನದ ಕಥೆಯನ್ನು ಆ ಊರಿನಲ್ಲಿ ಈಗಲೂ ಹೇಳುತ್ತಾರೆ. ಹುಡುಗಿ ಒಂದು ಹಾಡು ಹೇಳಲಿ ಎಂದು ಬಂದವರಲ್ಲಿ ಹಿರಿಯರೊಬ್ಬರು ಕೇಳಿದರು. ತನಗೆ ಹಾಡು ಬರುವುದಿಲ್ಲ, ರಂಗೋಲಿ ಬರುತ್ತದೆ ಎಂದ ಹುಡುಗಿ ಎದ್ದು ಹೋಗಿ, ಹೊಸಲಿನ ಈಚೆಯಿಂದ ಬೀದಿಯವರೆಗೆ ಚುಕ್ಕಿ ಇಟ್ಟು, ಬಳ್ಳಿ ಎಳೆದು, ದಾರಿಯನ್ನೆಲ್ಲ ತುಂಬಿಸಿಬಿಟ್ಟಳು. ಅದನ್ನು ತುಳಿಯಲು ಯಾರಿಗೂ ಮನಸ್ಸು ಬರಲಿಲ್ಲ. ನೆಂಟರೆಲ್ಲ ದನದ ಕೊಟ್ಟಿಗೆ ಸುತ್ತಿಕೊಂಡು ಹೊರಗೆ ಹೋಗಬೇಕಾಯಿತು. ಹಿರಿಯರು ಮುಖ ಸಿಂಡರಿಸಿದರು. ನಕ್ಕವನು ಒಬ್ಬನೇ, ಮದುವೆಯ ಗಂಡು ಚೆನ್ನಕೇಶವ. ಅವನು ನಕ್ಕಿದ್ದಕ್ಕೇ ಅವಳು ಒಪ್ಪಿಕೊಂಡದ್ದು.

ಚೆನ್ನಕೇಶವನ ಮನೆಯವರೂ ಬೇಸಾಯದವರೇ. ಆದರೆ ಅವನು ಹಿಂದೂಪುರದ ಪವರ್‌ಲೂಮ್ ಶೆಡ್ಡಿನಲ್ಲಿ ಸೀರೆ ನೇಯುವ ಕೆಲಸ ಕಲಿತಿದ್ದ. ಮದುವೆಯಾಗಿ ಬಂದ ತ್ರಿವೇಣಿಗೆ ಮನೆಯೊಳಗೆ ಸುಮ್ಮನೆ ಕೂರುವುದು ಆಗಲಿಲ್ಲ. ಅದೇ ಬೀದಿಯಲ್ಲಿ ಕೇಶವಯ್ಯ ಎಂಬ ಮುದುಕರೊಬ್ಬರು ಸೀರೆಯ ಅಂಚು, ಸೆರಗು, ಬುಟ್ಟಾಗಳನ್ನು ದೊಡ್ಡ ಗ್ರಾಫ್ ಹಾಳೆಯ ಮೇಲೆ ಬರೆಯುತ್ತಿದ್ದರು. ಒಂದೊಂದು ಚೌಕ ತುಂಬಿದ ಕಡೆ ಒಂದೊಂದು ಎಳೆ ಏಳಬೇಕು, ಬಿಟ್ಟ ಕಡೆ ಕೂರಬೇಕು. ಆ ಹಾಳೆ ನೋಡಿಕೊಂಡು ರಟ್ಟಿನ ಅಟ್ಟೆಗೆ ತೂತು ಹೊಡೆದು ಮಗ್ಗಕ್ಕೆ ಕಟ್ಟುತ್ತಿದ್ದರು. ಚೌಕ ತುಂಬುವ ಕೆಲಸಕ್ಕೆ ಸೇರಿದ ತ್ರಿವೇಣಿ, ಕೆಲವೇ ತಿಂಗಳಲ್ಲಿ ಚೌಕ ತಪ್ಪಿದ್ದನ್ನು ಮುದುಕರಿಗೇ ತೋರಿಸಿ ಬೈಸಿಕೊಳ್ಳತೊಡಗಿದಳು. ಆಮೇಲೆ ಅವಳವೇ ಅಂಚುಗಳು ಬಂದವು. ಸಜ್ಜೆ ತೆನೆಯ ಸೆರಗು ಬಂತು. ಗಿಡದ ಬುಡದಲ್ಲಿ ಕಾಯಿ ಜೋತುಬಿದ್ದ ಕಡಲೆಬಳ್ಳಿಯ ಅಂಚು ಬಂತು. ಕಡಲೆಗಿಡ ಕೀಳುವ ಕೂಲಿಗೆ ಹೋದವಳಿಗೆ ಮಾತ್ರ ಗೊತ್ತಿರುವ ಹಾಗೆ ಬೇರಿನ ಮಣ್ಣೂ ಆ ಅಂಚಿನಲ್ಲಿ ಕಾಣುತ್ತಿತ್ತು.

ಹಾಳೆಯ ಕಾಲ ಮುಗಿದು ಕಂಪ್ಯೂಟರಿನ ಕಾಲ ಬಂದಾಗ ಕೇಶವಯ್ಯ ಒಂದನ್ನು ಕೊಂಡರು. ಅದರಲ್ಲಿ ಡಿಜೈನ್ ಬರೆಯುವ ಒಂದು ಸಾಫ್ಟ್‌ವೇರ್ ಇತ್ತು. ಅದಕ್ಕೆ ಬೀಗದ ಕೈಯ ಹಾಗೆ ಡಾಂಗಲ್ ಎಂಬ ಗಿಡ್ಡ ಕಡ್ಡಿ. ಅದನ್ನು ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸಿದರೆ ಮಾತ್ರ ಸಾಫ್ಟ್‌ವೇರ್ ತೆರೆಯುತ್ತಿತ್ತು. ಅದನ್ನೂ ತ್ರಿವೇಣಿಯೇ ಕಲಿತಳು. ಒಂದು ದಿನ ಮುದುಕರು ಎಲ್ಲವನ್ನೂ ಅವಳ ಮುಂದಕ್ಕೆ ತಳ್ಳಿ, "ತಕ್ಕೊಂಡ್ ಹೋಗ್‌ಬುಡಮ್ಮ. ನನ್ ಕಣ್ಣಿಗೆ ಈಗ ಚೌಕ ಎಲ್ಲಾ ದುಂಡಗೆ ಕಾಣ್ತವೆ," ಎಂದರು. ಮರುವರ್ಷ ತೀರಿಕೊಂಡರು.

ಕಂಪ್ಯೂಟರಿನ ಪೆಟ್ಟಿಗೆ ಒಂದು ಸಲ ಬದಲಾಯಿತು. ಒಳಗಿನ ಹಳೇ ವಿಂಡೋಸ್ ಮಾತ್ರ ಹಾಗೇ ಉಳಿಯಿತು, ಯಾಕೆಂದರೆ ಆ ಸಾಫ್ಟ್‌ವೇರ್ ಹೊಸ ವಿಂಡೋಸಿನ ಮೇಲೆ ಏಳುತ್ತಲೇ ಇರಲಿಲ್ಲ. ಈಚೆಗೆ ತೊಂದರೆ ಶುರುವಾದದ್ದು ಇಂಟರ್‌ನೆಟ್ಟಿನಲ್ಲಿ. ಮಗ್ಗದವರು ಡಿಜೈನಿಗೆ ತಕ್ಕಂತೆ ಎಳೆ ಎತ್ತುವ ಎಲೆಕ್ಟ್ರಾನಿಕ್ ಜಕಾರ್ಡ್ ಯಂತ್ರ ಹಾಕಿಸಿಕೊಂಡಿದ್ದರು. ಅಟ್ಟೆ ಹೋಗಿ ಫೈಲು ಬಂದಿತ್ತು. ಫೈಲನ್ನು ಮೇಲ್‌ನಲ್ಲಿ ಕಳಿಸಿ, ವಾಟ್ಸಪ್‌ನಲ್ಲಿ ಕಳಿಸಿ ಎನ್ನುತ್ತಿದ್ದರು. ಹಳೇ ವಿಂಡೋಸಿನಲ್ಲಿ ಇವು ಒಂದೊಂದಾಗಿ ತೆರೆಯುವುದನ್ನು ನಿಲ್ಲಿಸಿದವು. ತೆರೆದರೂ ವೈರಸ್ಸಿನ ಭಯ.

ಇಂಥ ಹೊತ್ತಿನಲ್ಲಿ ಧರ್ಮೇಂದ್ರ ಮನೆಗೆ ಬಂದ. ರೇಷ್ಮೆ ಸೀರೆಯ ದೊಡ್ಡ ವ್ಯಾಪಾರಿ. ನಾಲ್ಕಾರು ಶೆಡ್ಡುಗಳು ಅವನವೇ. ಚೆನ್ನಕೇಶವ ನೇಯುತ್ತಿದ್ದದ್ದೂ ಅವನ ಶೆಡ್ಡಿನಲ್ಲೇ. ಕುರ್ಚಿಯಲ್ಲಿ ಕೂತು, ಕಾಫಿ ಕುಡಿದು, ಕಂಪ್ಯೂಟರಿನ ಕಡೆ ಗದ್ದ ತೋರಿಸಿದ.

"ಅಕ್ಕಾ, ಈ ಡಬ್ಬಾ ಪನಿ ಅಯಿಪೋಯಿಂದಿ. ಇದರ ಕತೆ ಮುಗೀತು. ನಾನೇ ಹೊಸ ಕಂಪ್ಯೂಟರ್ ಕೊಡ್ತೀನಿ, ಹೊಸ ಸಾಫ್ಟ್‌ವೇರ್ ಕೊಡ್ತೀನಿ. ನೀವು ಒಂದು ಪೈಸಾ ಹಾಕಂಗಿಲ್ಲ. ಬರ್ದಿದ್ದೆಲ್ಲಾ ತಾನಾಗೇ ನಮ್ ಆಫೀಸಿನ ಸರ್ವರ್‌ಗೆ ಬಂದು ಕೂತ್ಕಂತದೆ."

"ನಿಮ್ ಆಫೀಸ್ನಾಗೆ ಕೂತ್ಕಂಡಿದ್ದನ್ನ ನಾನು ಬೇರೆ ಮಗ್ಗದೋರಿಗೆ ಕೊಡಬೌದಾ?"

"ಅದೆಂಗಾಯ್ತದಕ್ಕಾ? ನಮ್ ಸರ್ವರ್ನಾಗಿದ್ಮೇಲೆ ನಮ್ದೇ ಆಯ್ತದೆ."

"ನಾನು ಇಷ್ಟ್ ವರ್ಷ ಬರ್ದಿರೋ ಹಳೇವು?"

"ಅವನ್ನೂ ಅದ್ರಾಗೇ ಸೇರಿಸ್ಬುಡಾನ. ಇಲ್ಲಿದ್ರೆ ಹಾಳಾಗಿ ಹೋಯ್ತವೆ."

ತ್ರಿವೇಣಿ ಕಾಫಿಯ ಲೋಟ ತೆಗೆದುಕೊಂಡಳು. "ಹಂಗಾದ್ರೆ ಇದು ಕಂಪ್ಯೂಟರ್ ಕೊಡೋದಲ್ಲ ಕಣಪ್ಪ. ಕಂಪ್ಯೂಟರ್ ತೋರ್ಸಿ ನನ್ ಬೆರಳು ಕೇಳೋದು. ನಂಗೆ ಬ್ಯಾಡ."

ಧರ್ಮೇಂದ್ರ ಸಿಟ್ಟು ಮಾಡಿಕೊಳ್ಳಲಿಲ್ಲ. ಯೋಚನೆ ಮಾಡಿ ಹೇಳಿ, ಊರಿನ ಡಿಜೈನಿನವರೆಲ್ಲ ಒಪ್ಪಿಕೊಂಡಿದ್ದಾರೆ ಎಂದು ನಕ್ಕು ಹೋದ. ಆ ನಗು ಚೆನ್ನಕೇಶವನಿಗೆ ಹಿಡಿಸಲಿಲ್ಲ.

"ಅವ್ನ ಹತ್ರ ನಾನು ಕೆಲಸ ಮಾಡ್ತಿರೋದು ಮರ್ತ್‌ಬುಟ್ಯಾ?" ಎಂದ ಹೆಂಡತಿಗೆ.

"ಮರ್ತಿಲ್ಲ. ನೀನು ಅವನ ಮಗ್ಗ ನೇಯ್ತೀಯ, ಕೂಲಿ ತಕ್ಕಂತೀಯ. ನಿನ್ ಕೈಯಿ ನಿನ್ನತ್ರನೇ ಅದೆ ತಾನೆ? ನಂದೂ ನನ್ನತ್ರ ಇರ್ಲಿ."

ಹೇಳಿದ್ದೇನೋ ಹೇಳಿದಳು. ಆದರೆ ಕಂಪ್ಯೂಟರಿನ ತೊಂದರೆ ಹಾಗೇ ಇತ್ತು. ಪೇಟೆಯ ರಿಪೇರಿ ಅಂಗಡಿಗಳಿಗೆ ಪೆಟ್ಟಿಗೆ ಹೊತ್ತುಕೊಂಡು ಹೋದಳು. ಒಬ್ಬ ಎಲ್ಲವನ್ನೂ ಅಳಿಸಿ ಹೊಸ ವಿಂಡೋಸ್ ಹಾಕಿದರೆ ಮಿಂಚುತ್ತದೆ ಎಂದ. ಡಾಂಗಲ್ ಏನಾಗುತ್ತದೆ ಎಂದು ಕೇಳಿದರೆ, ಕಸದ ಬುಟ್ಟಿಗೆ ಹೋಗುತ್ತದೆ ಎಂದ. ಇನ್ನೊಬ್ಬ ಪೆಟ್ಟಿಗೆ ಬಿಚ್ಚಲೂ ಇಲ್ಲ. ಧರ್ಮೇಂದ್ರಣ್ಣ ಹೊಸದು ಕೊಡುತ್ತಾರಂತಲ್ಲ, ತಗೊಳ್ಳಿ ಅಂದ. ಊರಿಗೆಲ್ಲ ಸುದ್ದಿ ಮೊದಲೇ ಮುಟ್ಟಿತ್ತು. ತ್ರಿವೇಣಿ ಪೆಟ್ಟಿಗೆಯನ್ನು ಮತ್ತೆ ಸೊಂಟಕ್ಕೆ ಏರಿಸಿಕೊಂಡು ಮನೆಗೆ ಬಂದಳು.

ಅಕ್ಕ ಗೌರಕ್ಕನನ್ನು ಕಲ್ಯಾಣದುರ್ಗಕ್ಕೆ ಕೊಟ್ಟಿತ್ತು. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡ ಗೌರಕ್ಕ, "ನಮ್ ಬೀದೀಲಿ ಆನಂದಕುಮಾರ್ ಅಂತ ಅವ್ನೆ, ಕಂಪ್ಯೂಟರ್ ಕ್ಲಾಸು ನಡೆಸ್ತಾನೆ. ಅವನ ಕ್ಲಾಸ್ನಾಗಿರೋವೆಲ್ಲಾ ಹಳೇ ಸಾಮಾನೇ, ಎಲ್ಲಾ ಓಡ್ತವೆ. ಬಂದ್‌ಬುಡು," ಎಂದಳು.

ತ್ರಿವೇಣಿ ಪೆಟ್ಟಿಗೆಗೆ ಹಳೇ ಸೀರೆ ಸುತ್ತಿ, ಡಾಂಗಲನ್ನು ಸೊಂಟದ ಚೀಲದಲ್ಲಿ ಕಟ್ಟಿಕೊಂಡು, ಬೆಳಗಿನ ಬಸ್ಸು ಹತ್ತಿದಳು. ಸೋಮಂದೇಪಲ್ಲಿ ದಾಟುವ ಹೊತ್ತಿಗೆ ಕಂಡಕ್ಟರ್ ಅವಳ ಮಡಿಲ ಮೇಲಿನ ಗಂಟನ್ನು ಮುಟ್ಟಿ ನೋಡಿದ.

"ಅಮ್ಮಾ, ಆಡವಾಳ್ಳಕಿ ಫ್ರೀ. ದೀನಿಕಿ ಕಾದು. ಲಗೇಜ್ ಟಿಕೆಟ್ ತೀಸ್ಕೋ."

ಹೆಂಗಸರಿಗೆ ಟಿಕೆಟ್ ಇಲ್ಲ, ಗಂಟಿಗೆ ಬೇಕು ಎಂಬುದು ಅವನ ವಾದ. "ಸೀಟು ಹಿಡ್ಕಂಡದಾ? ನನ್ ಮಡಿಲ್ನಾಗೆ ಕೂತದೆ. ಮಡಿಲ್ನಾಗಿರೋ ಮಗೂಗೆ ಟಿಕೆಟ್ ಹರೀತೀಯೇನಪ್ಪಾ?" ಎಂದಳು ತ್ರಿವೇಣಿ. ಹಿಂದಿನ ಸೀಟಿನ ಹೆಂಗಸರೆಲ್ಲ ನಕ್ಕರು. ಕಂಡಕ್ಟರ್ ತಲೆ ಕೊಡವಿಕೊಂಡು ಮುಂದಕ್ಕೆ ಹೋದ. ಪೆನುಕೊಂಡದಲ್ಲಿ ಬಸ್ಸು ಬದಲಿಸಿ, ರೊದ್ದಂ ಮೇಲೆ ಕಲ್ಯಾಣದುರ್ಗ ಸೇರುವವರೆಗೂ ಅವಳು ಪೆಟ್ಟಿಗೆಯನ್ನು ಕೆಳಗಿಡಲಿಲ್ಲ. ಕಾಲು ಜೋಮು ಹಿಡಿದಿತ್ತು.

ಆನಂದಕುಮಾರ್ ಮಾತು ಕಡಿಮೆಯ ಮನುಷ್ಯ. ಪೆಟ್ಟಿಗೆ ಬಿಚ್ಚಿ, ದೂಳು ಊದಿ, ತಂತಿ ಸಿಕ್ಕಿಸಿ, ಒಳಗೆ ಏನೇನಿದೆ ಎಂದು ನೋಡಿದ. ಡಾಂಗಲ್ ಇಟ್ಟು ಸಾಫ್ಟ್‌ವೇರನ್ನೂ ತೆರೆಸಿ ನೋಡಿದ.

"ಇದನ್ನ ಅಳ್ಸೋದ್ ಬ್ಯಾಡಕ್ಕ. ಇದೂ ಇರ್ಲಿ, ಪಕ್ಕದಾಗೆ ಲಿನಕ್ಸ್ ಅಂತ ಇನ್ನೊಂದು ಹಾಕಾನ. ಅದಕ್ಕೆ ಯಾರಿಗೂ ಏನೂ ಕೊಡಂಗಿಲ್ಲ. ಅಣ್ಣತಮ್ಮ ಭಾಗ ಆದ್ರೆ ಒಂದೇ ಸೂರಿನ ಕೆಳಗೆ ಎರಡು ಒಲೆ ಹೂಡಲ್ವಾ, ಹಂಗೆ. ಆನ್ ಮಾಡ್ದಾಗ ಕೇಳ್ತದೆ, ಯಾವ ಕಡೆ ಹೋಯ್ತೀಯ ಅಂತ. ಡಿಜೈನು ಬರಿಯಾಕೆ ಹಳೇ ಕಡೆ. ಅಲ್ಲಿ ನೆಟ್ ತಂತಿ ಸಿಕ್ಕಿಸ್ಲೇಬ್ಯಾಡಿ. ಮೇಲು, ವಾಟ್ಸಪ್ಪು ಎಲ್ಲಾ ಹೊಸ ಕಡೆ. ಬರ್ದ ಫೈಲನ್ನ ಹೊಸ ಕಡೆಯಿಂದ ತಕ್ಕಂಡು ಕಳಿಸ್ಬೌದು."

"ಭಾಗ ಮಾಡೋವಾಗ ಗೋಡೆ ನನ್ ಕಡೆಗೇ ಬಿದ್ರೆ?"

"ಬೀಳ್ಬೌದು," ಎಂದ ಆನಂದಕುಮಾರ್ ಮುಚ್ಚುಮರೆಯಿಲ್ಲದೆ. "ಅದಕ್ಕೇ ಮೊದ್ಲು ನಿಮ್ ಪಾತ್ರೆಪಡಗ ಎಲ್ಲಾ ಹೊರಗಿಡಾನ."

ಬೇರೊಂದು ಹಾರ್ಡ್ ಡಿಸ್ಕಿಗೆ ಡಿಜೈನುಗಳನ್ನೆಲ್ಲ ನಕಲು ಮಾಡಿದ್ದಾಯಿತು. ಮುಂದಿನ ಕೆಲಸಕ್ಕೆ ಅವನು ಕುರ್ಚಿ ಎಳೆದುಕೊಂಡ. ತ್ರಿವೇಣಿ ಎಳೆಯಗೊಡಲಿಲ್ಲ.

"ನಾನ್ ಕೂತ್ಕಂತೀನಿ. ನೀವು ಹೇಳ್ರಿ, ನಾನು ಒತ್ತುತೀನಿ. ನಾಳೆ ಹಿಂದೂಪುರದಾಗೆ ಕೆಟ್ರೆ ನೀವು ಬತ್ತೀರಾ? ಅಲ್ಲಿನೋರು ಯಾರೂ ಮುಟ್ಟಲ್ಲ."

ಆನಂದಕುಮಾರ್ ಸ್ಟೂಲು ತಂದುಕೊಂಡು ಪಕ್ಕದಲ್ಲಿ ಕೂತ. ಹಳೇ ವಿಂಡೋಸಿನ ಜಾಗವನ್ನು ಸ್ವಲ್ಪ ಕುಗ್ಗಿಸಿದರು. ಖಾಲಿಯಾದ ಜಾಗ ಕರಿ ಪಟ್ಟಿಯಾಗಿ ಕಂಡಿತು. ಪೆನ್‌ಡ್ರೈವಿನಿಂದ ಹೊಸದು ಏಳುವಂತೆ ಮಾಡಿದರು. ಎಲ್ಲಿ ಹಾಕಲಿ ಎಂದು ಅದು ಕೇಳಿತು. ಮೊದಲಿಗೇ ಇದ್ದದ್ದು "ಇಡೀ ಡಿಸ್ಕನ್ನು ಅಳಿಸಿ ಹಾಕು" ಎಂಬ ಆಯ್ಕೆ. ತ್ರಿವೇಣಿ ಮೌಸಿನಿಂದ ಕೈ ತೆಗೆದಳು. "ಅದಲ್ಲಕ್ಕ, ಕೆಳಗಿಂದು. ಖಾಲಿ ಜಾಗ ನೀವೇ ತೋರ್ಸಿ," ಎಂದ. ಅವಳು ಗಟ್ಟಿಯಾಗಿ ಓದಿ ಓದಿ, ಕರಿ ಪಟ್ಟಿಯನ್ನು ತೋರಿಸಿ, ಒತ್ತಿದಳು. ಹೊಸದು ಇಳಿಯಿತು. ಗೌರಕ್ಕ ಡಬ್ಬಿಯಲ್ಲಿ ತಂದಿಟ್ಟ ಮುದ್ದೆ ಆರುತ್ತಿತ್ತು.

ಮುಗಿದ ಮೇಲೆ ಪೆಟ್ಟಿಗೆಯನ್ನು ಮತ್ತೆ ಚಾಲೂ ಮಾಡಿದರು. ಹೊಸ ಲಿನಕ್ಸ್ ನೇರವಾಗಿ ಬಂದು ನಿಂತಿತು. ಯಾವ ಕಡೆ ಹೋಗುತ್ತೀಯ ಎಂದು ಕೇಳಲೇ ಇಲ್ಲ. ಇನ್ನೊಮ್ಮೆ ಆರಿಸಿ ಹಚ್ಚಿದರು. ಆಗಲೂ ಅಷ್ಟೇ. ಹಳೆಯದು ಎಲ್ಲೂ ಇಲ್ಲ.

ತ್ರಿವೇಣಿ ಎದ್ದು ನಿಂತಳು. ಡಿಜೈನುಗಳ ನಕಲು ಪಕ್ಕದ ಡಿಸ್ಕಿನಲ್ಲಿದೆ ಎಂಬುದು ಗೊತ್ತಿತ್ತು. ಆದರೆ ಅವುಗಳನ್ನು ತೆರೆಯುವ ಸಾಫ್ಟ್‌ವೇರ್ ಹೋದ ಮೇಲೆ ನಕಲು ಇದ್ದೇನು? ಕೇಶವಯ್ಯನವರು ತಂದಿದ್ದ ಅದರ ಸಿ.ಡಿ. ಎಂದೋ ಗೀಚಿ ಹೋಗಿತ್ತು, ಮಾಡಿದ ಕಂಪೆನಿಯೂ ಮುಚ್ಚಿತ್ತು. ಅವಳಿಗೆ ಬಂದದ್ದು ಅಳುವಲ್ಲ, ಸಿಟ್ಟು. ಧರ್ಮೇಂದ್ರನ ನಗು ಕಣ್ಣ ಮುಂದೆ ಬಂತು. ಆ ಸುದ್ದಿ ಅವನಿಗೆ ಮುಟ್ಟಿದರೆ ಹೇಗೆ ನಗುತ್ತಾನೆ ಎಂಬುದೂ ಕಂಡಿತು.

"ಎಲ್ಲಿ ನಂದು?" ಎಂದಳು.

ಆನಂದಕುಮಾರ್ ಕೀಬೋರ್ಡಿಗೆ ಬಾಗಿ ಏನೋ ನೋಡಿದ. ನೆಟ್ಟಗಾದಾಗ ಅವನ ಮುಖ ಸಡಿಲವಾಗಿತ್ತು. "ಗೋಡೆ ಸರಿಯಾಗೇ ಅದೆ. ಒಳಗಿನ ಸಾಮಾನೂ ಇದ್ದಂಗೇ ಅವೆ. ಬಾಗಿಲ ಮೇಲೆ ಹೆಸರು ಬರ್ದಿಲ್ಲ ಅಷ್ಟೆ. ಹಳೇದನ್ನ ಹುಡ್ಕು ಅಂತ ನಾವು ಹೇಳೋಗಂಟ ಇದು ಹುಡ್ಕಲ್ಲ. ಕೂತ್ಕಳ್ಳಿ, ನೀವೇ ಬರೀರಿ."

ಅವನು ಒಂದೊಂದಕ್ಷರ ಹೇಳಿದ. ಅವಳು ಒಂದೊಂದಾಗಿ ಒತ್ತಿದಳು. ಅರ್ಥ ತಿಳಿಯದ ಸಾಲುಗಳು. ಆದರೂ ಚೌಕ ತುಂಬುವ ಹಾಗೆಯೇ ತಪ್ಪದೆ ತುಂಬಿದಳು. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಸರಿದು ಹೋಗಿ, ಕೊನೆಯದರಲ್ಲಿ ವಿಂಡೋಸ್ ಎಂಬ ಹೆಸರು ಕಂಡಿತು. ಮತ್ತೆ ಚಾಲೂ ಮಾಡಿದಾಗ ಎರಡು ಹೆಸರು ಒಂದರ ಕೆಳಗೊಂದು ನಿಂತಿದ್ದವು. ಕೆಳಗಿನದಕ್ಕೆ ಬಾಣ ಇಳಿಸಿ ಒತ್ತಿದಳು. ಹಳೇ ವಿಂಡೋಸ್ ತನ್ನ ಹಳೇ ರಾಗ ಹಾಡಿಕೊಂಡು ಎದ್ದಿತು. ಡಾಂಗಲ್ ಸಿಕ್ಕಿಸಿದಳು. ಕಡಲೆಬಳ್ಳಿಯ ಅಂಚು ತೆರೆದುಕೊಂಡಿತು. ಅದನ್ನು ತುದಿಯಿಂದ ತುದಿಗೆ ಸರಿಸಿ ನೋಡಿದ ಮೇಲೆಯೇ ಕೈ ತೊಳೆಯಲು ಎದ್ದಳು.

ಹಿಂದಿರುಗಿ ಒಂದು ವಾರವೂ ಆಗಿರಲಿಲ್ಲ. ಚೆನ್ನಕೇಶವ ಮಧ್ಯಾಹ್ನವೇ ಮನೆಗೆ ಬಂದ. ಅವನ ಮಗ್ಗಕ್ಕೆ ಬೇರೆಯವನನ್ನು ಕೂರಿಸಿದ್ದರು. ಶೆಡ್ಡಿನ ಮೇಸ್ತ್ರಿ, "ಮನೇಲಿ ಮಾತಾಡ್ಕಂಡ್ ಬಾ" ಎಂದಷ್ಟೇ ಹೇಳಿದ್ದ.

ಅವತ್ತು ರಾತ್ರಿ ಚೆನ್ನಕೇಶವ ಉಂಡ ತಟ್ಟೆಯನ್ನು ಸದ್ದು ಮಾಡಿ ಇಟ್ಟ. ಮರುದಿನ ಬೆಳಗ್ಗೆ ಅಂಗಿ ತೊಡುತ್ತ, ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದ: "ನೀನು ಒಪ್ಕಂಡ್‌ಬುಟ್ರೆ ನಾಳೆನೇ ಕರೀತಾರೆ. ಒಪ್ಕಂತೀಯಾ?"

"ಇಲ್ಲ."

"ನಂಗೊತ್ತಿತ್ತು," ಎಂದ. ಚಪ್ಪಲಿ ಮೆಟ್ಟಿಕೊಂಡ. "ಅವ್ನು ಮೇಸ್ತ್ರಿ ಕೈಲಿ ಹೇಳಿ ಕಳಿಸ್ದ. ಮುಖ ತೋರ್ಸಿ ಹೇಳಿದ್ರೆ ನಾನೂ ಒಂದ್ ಮಾತು ಯೋಚ್ನೆ ಮಾಡ್ತಿದ್ನೇನೋ. ಸೋಮಂದೇಪಲ್ಲಿ ಕಡೆ ಒಂದು ಶೆಡ್ ಅದಂತೆ, ಕೇಳ್ಕಂಡ್ ಬತ್ತೀನಿ."

ಅವನು ಆ ಕಡೆ ಹೋದ ಮೇಲೆ ತ್ರಿವೇಣಿ ಸೀರೆ ಬದಲಿಸಿ, ತಾನೇ ಬರೆದ ಸಜ್ಜೆ ತೆನೆಯ ಸೆರಗು ಹೊದ್ದು, ಧರ್ಮೇಂದ್ರನ ಅಂಗಡಿಗೆ ನಡೆದಳು. ಗಿರಾಕಿಗಳು ಕೂತಿದ್ದರು. ಅವನು ಒಳಗಿನ ಕೋಣೆಗೆ ಬನ್ನಿ ಎಂದ. ಇಲ್ಲೇ ಆಗಲಿ ಎಂದು ಅವಳು ನಿಂತೇ ಇದ್ದಳು.

"ನನ್ ಗಂಡನ್ನ ಬಿಡಿಸಿದ್ರಂತೆ."

"ಮಗ್ಗ ಖಾಲಿ ಇರ್ಲಿಲ್ಲಕ್ಕಾ..."

"ಮಗ್ಗ ನಿಮ್ದು, ಯಾರ್ನಾದ್ರೂ ಕೂರಿಸ್ಕಳಿ. ಅದನ್ನ ಕೇಳಾಕೆ ಬಂದಿಲ್ಲ. ಅದ್ರಿಂದ ನಾನು ಬಗ್ತೀನಿ ಅಂದ್ಕಂಡಿದ್ರೆ ಬಗ್ಗಲ್ಲ ಅಂತ ಹೇಳೋಕೆ ಬಂದೆ. ಹೇಳಿ ಕಳಿಸೋದು ನಂಗೆ ಬರಲ್ಲ, ಅದಕ್ಕೇ ನಾನೇ ಬಂದೆ."

ಧರ್ಮೇಂದ್ರ ದನಿ ತಗ್ಗಿಸಿದ. "ಕೂತ್ಕಳಕ್ಕಾ. ಹೋಗ್ಲಿ ಬಿಡು, ಹೊಸದು ಬ್ಯಾಡ. ಆ ಹಳೇ ಕಂಪ್ಯೂಟರೇ ಕೊಟ್‌ಬುಡು. ಡಾಂಗಲ್ ಸಮೇತ. ನೀನು ಹೇಳಿದ್ದು ಕೊಡ್ತೀನಿ."

"ಡಬ್ಬಾ ಅಂದ್ರಲ್ಲಪ್ಪಾ," ಎಂದಳು ತ್ರಿವೇಣಿ. "ಡಬ್ಬಾ ಮೇಲೆ ಯಾಕಿಷ್ಟು ಆಸೆ?"

ಸೀರೆ ನೋಡುತ್ತಿದ್ದ ಹೆಂಗಸೊಬ್ಬಳು ಸೀರೆ ಬಿಟ್ಟು ಇವರನ್ನೇ ನೋಡುತ್ತಿದ್ದಳು. ಧರ್ಮೇಂದ್ರ ಈ ಸಲ ನಗಲಿಲ್ಲ. ತ್ರಿವೇಣಿ ಮೆಟ್ಟಿಲಿಳಿದು ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮನೆಯ ಕಡೆ ನಡೆದಳು.

ಆಮೇಲಿನ ತಿಂಗಳುಗಳು ಸುಲಭವಾಗಿರಲಿಲ್ಲ. ಧರ್ಮೇಂದ್ರನ ಕಡೆಯ ಕೆಲಸ ಪೂರ್ತಿ ನಿಂತುಹೋಯಿತು. ಅವನಿಗೆ ಹೆದರಿದ ಕೆಲವರೂ ಬರುವುದನ್ನು ಬಿಟ್ಟರು. ಚೆನ್ನಕೇಶವ ದಿನವೂ ಸೋಮಂದೇಪಲ್ಲಿಗೆ ಬಸ್ಸಿನಲ್ಲಿ ಹೋಗಿಬರಬೇಕಾಯಿತು. ತ್ರಿವೇಣಿ ಬೆಳಗಿನ ಹೊತ್ತು ಹಳೇ ಕಡೆ ಕೂತು ಬರೆದಳು, ಮಧ್ಯಾಹ್ನ ಹೊಸ ಕಡೆ ಹೋಗಿ ಆ ಫೈಲುಗಳನ್ನು ದೂರದ ಮಗ್ಗಗಳಿಗೆ ಕಳಿಸಿದಳು. ಮನೆಯಲ್ಲೇ ಎರಡು ಮಗ್ಗ ಇಟ್ಟುಕೊಂಡವರು, ಹೊಸದಾಗಿ ಶೆಡ್ ಹಾಕಿದವರು ಒಬ್ಬೊಬ್ಬರಾಗಿ ಬಂದರು. ಯಾರಿಗೇ ಕೊಟ್ಟರೂ ಅವಳ ಮಾತು ಒಂದೇ: ನೇಯುವುದು ನಿಮ್ಮದು, ಬರೆದದ್ದು ನನ್ನದು, ಮೂಲ ಫೈಲು ನನ್ನ ಹತ್ತಿರವೇ ಇರುತ್ತದೆ. ಒಪ್ಪದವರು ಬಾಗಿಲಿನಿಂದಲೇ ವಾಪಸು ಹೋದರು. ಅವರಲ್ಲಿ ಒಳ್ಳೆಯ ಗಿರಾಕಿಗಳೂ ಇದ್ದರು.

ಒಂದು ದಿನ ಕೀರ್ತನಾ ಬಂದಳು. ಇವಳ ಹಾಗೆಯೇ ಡಿಜೈನ್ ಬರೆಯುವ ಹುಡುಗಿ, ಧರ್ಮೇಂದ್ರನ ಹೊಸ ಕಂಪ್ಯೂಟರ್ ತೆಗೆದುಕೊಂಡವಳು. ಬೇರೆಯವರಿಗೆ ಬರೆದುಕೊಡಲು ಹೋದರೆ, ತಾನೇ ಬರೆದ ನವಿಲಿನ ಡಿಜೈನು ತನಗೇ ತೆರೆಯುತ್ತಿಲ್ಲ ಎಂದು ಕಣ್ಣು ತುಂಬಿಕೊಂಡಳು. ಅವಳ ಮನೆಯಲ್ಲಿ ಅಣ್ಣ ಬಿಟ್ಟುಹೋದ ಹಳೇ ಲ್ಯಾಪ್‌ಟಾಪು ಒಂದು ಮೂಲೆಯಲ್ಲಿತ್ತು. ಅಣ್ಣನ ಲೆಕ್ಕಪತ್ರದ ಕೆಲಸ ಇನ್ನೂ ಅದರಲ್ಲೇ ಇದೆ, ಅಳಿಸುವ ಹಾಗಿಲ್ಲ ಎಂದಳು.

"ಅಳ್ಸೋದ್ ಬ್ಯಾಡ, ಪಕ್ಕದಾಗೆ ಇನ್ನೊಂದು ಒಲೆ ಹೂಡಾನ, ತಕ್ಕಂಬಾ ಅದನ್ನ," ಎಂದಳು ತ್ರಿವೇಣಿ. "ನವಿಲು ಹೋದ್ರೆ ಹೋಗ್ಲಿ, ಇನ್ನೊಂದ್ ಬರೆಯೋಕೆ ನಿನ್ ಕೈಗೇನಾಯ್ತು? ಆದ್ರೆ ಒತ್ತೋಳು ನೀನೇ. ನಾನು ಪಕ್ಕದಾಗೆ ಕೂತು ಹೇಳ್ತೀನಿ ಅಷ್ಟೇ."

ಮದುವೆಯ ಕಾಲ ಬಂದಾಗ ಧರ್ಮೇಂದ್ರನ ಅಂಗಡಿಯ ಗಾಜಿನ ಹಿಂದೆ ಕಡಲೆಬಳ್ಳಿಯ ಅಂಚಿನ ಸೀರೆ ನೇತಾಡಿತು. ಯಾವುದೋ ಹಳೇ ಸೀರೆಯ ಫೋಟೋ ಹಿಡಿದು ಯಾರ ಕೈಯಲ್ಲೋ ಬರೆಸಿದ್ದ. ಕಾಯಿಗಳು ಬುಡ ಬಿಟ್ಟು ಕೊಂಬೆಯ ತುದಿಯಲ್ಲಿ ಹುಣಸೆಯ ಹಾಗೆ ತೂಗುತ್ತಿದ್ದವು. ಆದರೂ ಸೀರೆ ಮಾರಾಟವಾಯಿತು, ಚೆನ್ನಾಗಿಯೇ ಆಯಿತು. ಸುದ್ದಿ ತಂದ ಕೀರ್ತನಾ, ಹೋಗಿ ಕೇಳೋಣ ಬಾ ಅಕ್ಕ ಎಂದು ಕುದಿದಳು. ತ್ರಿವೇಣಿಯೂ ಅವತ್ತೆಲ್ಲ ಕುದಿದಳು. ಒಲೆಯ ಮುಂದೆ ಅವನನ್ನು ಬೈದಳು, ಬಾವಿಕಟ್ಟೆಯಲ್ಲಿ ಬೈದಳು, ಅವನ ವಂಶವನ್ನೂ ಬಿಡಲಿಲ್ಲ.

ಮರುದಿನ ಬೆಳಗ್ಗೆ ಸ್ನಾನ ಮಾಡಿ ಬಂದು ಕಂಪ್ಯೂಟರಿನ ಗುಂಡಿ ಒತ್ತಿದಳು. ಯಾವ ಕಡೆ ಎಂದು ಅದು ಕೇಳಿತು. ಹಳೇ ಕಡೆಗೆ ಹೋಗಿ, ಖಾಲಿ ಚೌಕಗಳ ಹೊಸ ಹಾಳೆ ತೆರೆದು, ಸೆಟ್ಟೂರಿನ ಬೇಲಿಗಳಲ್ಲಿ ಹಬ್ಬುವ ತೊಂಡೆಬಳ್ಳಿಯನ್ನು ಕೆಳಗಿನ ಮೂಲೆಯಿಂದ ಏರಿಸತೊಡಗಿದಳು.